ಟೆರೇಸಿನ ಮೇಲೊಂದು ಪದವು

ಏಪ್ರಿಲ್-ಮೇ ತಿಂಗಳ ಹೈದರಾಬಾದನ್ನು ನಾನು ನಿಮಗೆ ವರ್ಣಿಸಬೇಕಾಗಿಲ್ಲ. ಒಗೆದ ಬಟ್ಟೆಯನ್ನು ಹಗ್ಗಕ್ಕೆ ಹಾಕಿ, ಒಳಗೆ ಬಂದು ಒಂದು ಲೋಟ ಮಜ್ಜಿಗೆ ಕುಡಿಯುವಷ್ಟರಲ್ಲಿ ಅದು ಹಪ್ಪಳದಂತೆ ಒಣಗಿರುತ್ತದೆ. ಇಂಥ ಊರಿನಲ್ಲಿ, ನಲ್ಲಕುಂಟದ ನಮ್ಮ ಮನೆಯ ಟೆರೇಸಿನ ಮೇಲೆ ಹುಳ ತಿನ್ನುವ ಗಿಡ ಬೆಳೆಸಿದ್ದೇನೆ ಎಂದರೆ, ಕಾಚಿಗುಡದ ಸಾಹಿತ್ಯ ಮಂದಿರದಲ್ಲಿ ಸಿಗುವ ಗೆಳತಿಯರು ನಗುತ್ತಾರೆ. "ಅವಕ್ಕೆ ಗಾಜಿನ ಪೆಟ್ಟಿಗೆ, ತೇವದ ಗಾಳಿ ಎಲ್ಲ ಬೇಕಲ್ವೇನ್ರೀ?" ಎನ್ನುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಹಾಗೆ ತಿಳಿದೇ ಮೊದಲನೆಯದನ್ನು ಕೊಂದೆ.

ಅದು ಒಂದು ಸಸ್ಯಮೇಳದಲ್ಲಿ ಕೊಂಡ ವೀನಸ್ ಫ್ಲೈಟ್ರ್ಯಾಪ್. ಎಲೆಯೊಳಗಿನ ಕೂದಲನ್ನು ನೊಣ ಎರಡು ಸಲ ತಾಗಿಸಿದರೆ ಪುಸ್ತಕದಂತೆ ಮುಚ್ಚಿಕೊಳ್ಳುತ್ತದಲ್ಲ, ಅದೇ. ನಾನು ಓದಿದ್ದು ಬಿ.ಎ. ಇಂಗ್ಲಿಷ್, ಬಾಟನಿಯಲ್ಲ. ಪಾಪ, ಹೈದರಾಬಾದಿನ ಬಿಸಿಗಾಳಿ ತಡೆದೀತೇ ಎಂದು ದೊಡ್ಡ ಗಾಜಿನ ಭರಣಿಯಲ್ಲಿಟ್ಟು, ದಿನಕ್ಕೆ ಎರಡು ಹೊತ್ತು ನೀರು ಸಿಂಪಡಿಸಿ, ಒಂದು ಹಿಡಿ ಎರೆಗೊಬ್ಬರವನ್ನೂ ಹಾಕಿದೆ. ಮೂರು ವಾರಕ್ಕೆ ಬೂಷ್ಟು ಹಿಡಿದು ಕಪ್ಪಾಯಿತು. ನಮ್ಮ ಯಜಮಾನರು, "ಉಪ್ಪಿನಕಾಯಿ ಭರಣಿಗೆ ಹಾಕಿದ ಮೇಲೆ ಇನ್ನೇನಾಗುತ್ತೆ?" ಎಂದರು.

ಆಮೇಲೆ ಯೋಚಿಸಿದೆ. ನನ್ನ ತವರು ಉಡುಪಿ ಜಿಲ್ಲೆಯ ಒಂದು ಹಳ್ಳಿ. ಮನೆಯ ಹಿಂದೆ ಮುರಕಲ್ಲಿನ ಪದವು. ನೀವು ಕರಾವಳಿಯವರಾದರೆ ಬಲ್ಲಿರಿ, ಮಳೆಗಾಲದಲ್ಲಿ ಆ ಬೋಳು ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು, ಅಷ್ಟಮಿಯ ಹೊತ್ತಿಗೆ ನೆಲವೆಲ್ಲ ನೀಲಿ ಹೂವಾಗುತ್ತದೆ. ಆ ನೀಲಿ ಹೂವು ಯುಟ್ರಿಕುಲೇರಿಯಾ. ಬೇರಿನ ಜಾಗದಲ್ಲಿರುವ ಪುಟ್ಟ ಚೀಲಗಳಿಂದ ನೀರಿನ ಹುಳ ಹಿಡಿಯುತ್ತದೆ. ಅದರ ಪಕ್ಕದಲ್ಲೇ ಕೆಂಪು ಕೂದಲಿನ, ತುದಿಗೆ ಜೇನಹನಿ ಅಂಟಿಸಿಕೊಂಡಂಥ ಸಣ್ಣ ಗಿಡ. ಶಾಲೆಗೆ ಹೋಗುವಾಗ ಬೆರಳಿಗೆ ಅಂಟಿಸಿಕೊಂಡು ಆಡುತ್ತಿದ್ದೆವು. ಅದು ಡ್ರೋಸೆರಾ ಇಂಡಿಕಾ ಎಂದು ಗೊತ್ತಾದದ್ದು ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ. 1875ರಲ್ಲಿ ಡಾರ್ವಿನ್ ಕೀಟಾಹಾರಿ ಸಸ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಹೆಚ್ಚು ಪಾಲು ಈ ಡ್ರೋಸೆರಾ ಬಳಗದ್ದೇ.

ಪದವಿನಲ್ಲಿ ಅದಕ್ಕೆ ಗಾಜು ಮುಚ್ಚಿದವರು ಯಾರು? ಬಯಲು ಬಿಸಿಲು, ಬೀಸುವ ಗಾಳಿ, ಸಾರವಿಲ್ಲದ ಒಂದಂಗುಲ ಮಣ್ಣು, ಬುಡದಲ್ಲಿ ಮಳೆಯ ನೀರು. ಮಣ್ಣಿನಲ್ಲಿ ಸಾರಜನಕ ಸಿಗದ್ದಕ್ಕೇ ಅದು ಹುಳಕ್ಕೆ ಬಾಯಿ ಹಾಕಿದ್ದು. ಎರೆಗೊಬ್ಬರ ಹಾಕಿದರೆ ಬದುಕೀತೇ? "ಕರಾವಳಿಯ ಗಾಳಿಯೇ ತೇವದ್ದಲ್ಲವೇ?" ಎಂದು ನೀವು ಕೇಳಬಹುದು. ಮಳೆಗಾಲದಲ್ಲಿ ಹೌದು. ಮಾರ್ಚಿನ ಪದವಿನ ಮೇಲೆ ಬರಿಗಾಲಲ್ಲಿ ನಡೆದು ನೋಡಿ! ಆಗ ಈ ಗಿಡ ಬೀಜವಾಗಿ ಕಲ್ಲಿನ ಸಂದಿಯಲ್ಲಿ ಮಲಗಿರುತ್ತದೆ.

ಈಗ ನನ್ನ ಕ್ರಮ ಇಷ್ಟೆ. ತೊಳೆದ ಮರಳು, ಪೀಟ್ ಸೇರಿಸಿ ಕುಂಡ ತುಂಬಿಸುತ್ತೇನೆ. ತೆಂಗಿನ ನಾರಿನ ಪುಡಿಯಾದರೆ ಅದರ ಉಪ್ಪು ಹೋಗುವವರೆಗೆ ಏಳೆಂಟು ನೀರಿನಲ್ಲಿ ತೊಳೆಯಬೇಕು. ಕುಂಡವನ್ನು ಎರಡು ಬೆರಳು ನೀರಿರುವ ತಟ್ಟೆಯಲ್ಲಿ ಕೂರಿಸಿ, ಮಧ್ಯಾಹ್ನದವರೆಗೆ ಬಿಸಿಲು ಬೀಳುವ ಕಡೆ ಇಟ್ಟರಾಯಿತು. ಮೇ ತಿಂಗಳಲ್ಲಿ ಬೇರು ಬೇಯದಂತೆ ದೊಡ್ಡ ಮಣ್ಣಿನ ಕುಂಡದೊಳಗೆ ಇಡುತ್ತೇನೆ. ಸಿಂಪಡಿಸುವುದು ಪೂರ್ತಿ ಬಂದ್.

ತೊಂದರೆಯೆಲ್ಲ ನೀರಿನದು. ಮಗ ತಂದುಕೊಟ್ಟ ಮೀಟರನ್ನು ನಮ್ಮ ಬೋರ್ ನೀರಿಗೆ ಅದ್ದಿದರೆ 800 ದಾಟುತ್ತದೆ. ಈ ಗಿಡಗಳಿಗೆ 50ರ ಒಳಗಿದ್ದರೆ ಒಳ್ಳೆಯದು. ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಆಗುತ್ತದೆ. ಆದರೆ ತಮಾಷೆ ನೋಡಿ, ಏಪ್ರಿಲ್‌ನ ಒಣಗಾಳಿಯಲ್ಲಿ ಎ.ಸಿ.ಗೇ ಹಿಂಡಲು ತೇವ ಸಿಗುವುದಿಲ್ಲ, ಬಕೆಟ್ಟಿನ ತಳವೂ ತುಂಬುವುದಿಲ್ಲ. ಹೀಗಾಗಿ ಮಳೆನೀರನ್ನೇ ಡ್ರಮ್ಮಿನಲ್ಲಿ ಹಿಡಿದು, ಸೊಳ್ಳೆ ಹೋಗದಂತೆ ಬಟ್ಟೆ ಕಟ್ಟಿಡುತ್ತೇನೆ.

ಎಲ್ಲಕ್ಕೂ ಇದೇ ಲೆಕ್ಕ ಎಂದು ಮಾತ್ರ ಹೇಳಲಾರೆ. ಮೇಘಾಲಯದ ಹೂಜಿ ಗಿಡ ಒಣಗಾಳಿಯಲ್ಲಿ ಬರೀ ಎಲೆ ಬಿಡುತ್ತದೆ, ಹೂಜಿ ಕಟ್ಟುವುದಿಲ್ಲ. ಎರಡನೆಯ ಫ್ಲೈಟ್ರ್ಯಾಪ್ ಈ ಬೇಸಿಗೆ ದಾಟಿತು. ಆದರೆ ಅದಕ್ಕೆ ಮೂರು ತಿಂಗಳಾದರೂ ಚಳಿಯ ನಿದ್ದೆ ಬೇಕು, ನಮ್ಮ ಊರಿನ ಚಳಿ ಅಷ್ಟು ದಿನ ನಿಲ್ಲುವುದಿಲ್ಲ. ಎಷ್ಟು ವರ್ಷ ಬಾಳುತ್ತದೋ ನೋಡಬೇಕು.

ಡ್ರೋಸೆರಾದ ಬೀಜಕ್ಕಾಗಿ ತವರಿಗೆ ಫೋನ್ ಮಾಡಿದ್ದೆ. ಅತ್ತಿಗೆ, "ಪದವು ಎಲ್ಲುಂಟು ಮಾರಾಯ್ತಿ? ಅರ್ಧ ಕಲ್ಲಿನ ಕೋರೆ ಆಯ್ತು, ಉಳಿದದ್ದು ಸೈಟು" ಎಂದರು. ಒಂದು ಕ್ಷಣ ನನಗೆ ಮಾತೇ ಹೊರಡಲಿಲ್ಲ. ಸಾತಾರಾದ ಬಳಿಯ ಕಾಸ್ ಪ್ರಸ್ಥಭೂಮಿ 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅಲ್ಲಿ ಇವೇ ನೀಲಿ ಹೂವು, ಇವೇ ಕೆಂಪು ಕೂದಲು ನೋಡಲು ಜನ ದುಡ್ಡು ಕೊಟ್ಟು ಹೋಗುತ್ತಾರೆ. ನಮ್ಮೂರಿನಲ್ಲಿ ಅದಕ್ಕೆ 'ಪಾಳು ಜಾಗ' ಎಂದು ಹೆಸರು.

ಆದರೂ ಅತ್ತಿಗೆ ಕೋರೆಯ ಅಂಚಿನಲ್ಲಿ ಹುಡುಕಿ, ಹಳೆಯ ಮದುವೆ ಕಾಗದದ ಲಕೋಟೆಯಲ್ಲಿ ಒಂದು ಚಿಟಿಕೆ ಕಳಿಸಿದರು. ಸಾಸಿವೆಗಿಂತ ಎಷ್ಟೋ ಸಣ್ಣ ಕಪ್ಪು ಬೀಜ. ಬಿತ್ತಿದ ಕುಂಡವನ್ನು ಬೇಸಿಗೆಯಿಡೀ ಒಣಗಲು ಬಿಟ್ಟೆ. ಜೂನಿನ ಎರಡನೆಯ ಮಳೆಗೆ ಮೊಳೆಯಿತು. ಆಗಸ್ಟಿನಲ್ಲಿ ಗುಲಾಬಿ ಬಣ್ಣದ ಹೂವು. ಮಧ್ಯಾಹ್ನದ ಗಾಳಿಗೆ ಎಲೆಯ ಹನಿ ಕೊಂಚ ಕಡಿಮೆಯಾಗುತ್ತದೆ, ಬೆಳಿಗ್ಗೆ ನೋಡಿದರೆ ಮತ್ತೆ ಹೊಳೆಯುತ್ತಿರುತ್ತದೆ.

ಈ ವರ್ಷದ ಬೀಜ ಎತ್ತಿಟ್ಟಿದ್ದೇನೆ. ಬೇಕಾದವರು ಬೇಸಿಗೆಗೆ ಮುಂಚೆ ಕೇಳಿ. ಕರಾವಳಿಯ ಕಡೆಯವರು ಚೌತಿಗೆ ಊರಿಗೆ ಹೋದಾಗ ನಿಮ್ಮ ಪದವು ಇನ್ನೂ ಇದೆಯೇ ಎಂದು ಒಮ್ಮೆ ನೋಡಿಕೊಂಡು ಬನ್ನಿ.