ಬಣ್ಣಗಳು ಕಾಯುವುದಿಲ್ಲ

1994ರಲ್ಲಿ ಹತ್ತನೆಯ ತರಗತಿಯ ಮಕ್ಕಳನ್ನು ಹಂಪಿಗೆ ಕರೆದೊಯ್ದಾಗ ತೆಗೆದ ಎಕ್ಟಾಕ್ರೋಮ್ ಸ್ಲೈಡ್ ಫಿಲ್ಮಿನ ಸುರುಳಿಯೊಂದು ನನ್ನ ಪೆಟ್ಟಿಗೆಯಲ್ಲೇ ಉಳಿದಿತ್ತು. ತೊಳೆಸುವ ಖರ್ಚು ಅಂದಿನ ಸಂಬಳಕ್ಕೆ ಭಾರವೆನಿಸಿ, ಮುಂದಿನ ತಿಂಗಳು ನೋಡೋಣವೆಂದುಕೊಂಡಿದ್ದೆ. ಆ ತಿಂಗಳು ಬರಲೇ ಇಲ್ಲ.

ನಿವೃತ್ತಿಯ ನಂತರ ಅದು ಕೈಗೆ ಸಿಕ್ಕಿತು. ಕೊಡಾಕ್ರೋಮ್ ಆಗಿದ್ದರೆ ಬಣ್ಣದ ಆಸೆಯನ್ನೇ ಬಿಡಬೇಕಿತ್ತು. ಅದನ್ನು ತೊಳೆಯುತ್ತಿದ್ದ ಜಗತ್ತಿನ ಕೊನೆಯ ಪ್ರಯೋಗಾಲಯ, ಅಮೆರಿಕದ ಕ್ಯಾನ್ಸಾಸ್‌ನಲ್ಲಿದ್ದದ್ದು, 2010ರ ಡಿಸೆಂಬರ್ 30ರ ಬಳಿಕ ಸುರುಳಿಗಳನ್ನು ಸ್ವೀಕರಿಸಲಿಲ್ಲ. ಎಕ್ಟಾಕ್ರೋಮಿನ ಇ-6 ವಿಧಾನವಾದರೋ ಇಂದಿಗೂ ಉಂಟು. ಬಣ್ಣದ ಮೂಲದ್ರವ್ಯಗಳು ಫಿಲ್ಮಿನಲ್ಲೇ ಇರುವುದರಿಂದ ಮನೆಯಲ್ಲೂ ತೊಳೆಯಬಹುದು.

ಛಾಯಾಗ್ರಹಣದ ಹವ್ಯಾಸವುಳ್ಳ ಹಳೆಯ ವಿದ್ಯಾರ್ಥಿಯೊಬ್ಬ ಮಿತವ್ಯಯದ ಮಾರ್ಗ ತೋರಿಸಿದ. ಒಮ್ಮೆ ಕಲಸಿದ ದ್ರಾವಣದಲ್ಲಿ ಹಲವು ಸುರುಳಿಗಳನ್ನು ತೊಳೆಯಬಹುದಾದ್ದರಿಂದ ನಾಲ್ವರು ಖರ್ಚು ಹಂಚಿಕೊಂಡೆವು. ಡೆವಲಪರ್ ಡಬ್ಬಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು 38 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಂಡೆವು.

ಆಕಾಶ ನೇರಳೆಗೆ ತಿರುಗಿತ್ತು. ಕಲ್ಲಿನ ರಥದ ಮುಂದೆ ನಿಂತ ಮಕ್ಕಳಲ್ಲಿ, ಈಗ ನಮ್ಮೊಂದಿಗಿಲ್ಲದ ಹುಡುಗನೊಬ್ಬನ ನಗೆ ಮಾತ್ರ ಸ್ಪಷ್ಟವಾಗಿತ್ತು. ಮುದ್ರಿಸಿ ಅವನ ತಾಯಿಗೆ ಕೊಟ್ಟೆ. ಬಹಳ ಹೊತ್ತು ನೋಡಿ, "ಇಷ್ಟು ವರ್ಷ ಎಲ್ಲಿಟ್ಟಿದ್ದಿರಿ ಮೇಷ್ಟ್ರೇ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಮಿತ್ರರೇ, ನಿಮ್ಮಲ್ಲೂ ಅಂಥ ಸುರುಳಿಯಿದ್ದರೆ ಖರ್ಚನ್ನು ಹಂಚಿಕೊಳ್ಳಿ; ಮುಂದೂಡಬೇಡಿ.