ಬಾಣಲೆ ತೊಳೆದ ನೀರು

ಗಡಿನಾಡಿನ ಕನ್ನಡ ಸಮ್ಮೇಳನಗಳಲ್ಲಿ ಗೋಷ್ಠಿಗಳಷ್ಟೇ ಊಟೋಪಚಾರಕ್ಕೂ ಮಹತ್ತ್ವವುಂಟು. ಕಾಸರಗೋಡಿನ ಈ ನೆಲದಲ್ಲಿ ಅಧ್ಯಾಪನಗೈದು, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ನಮ್ಮ ಪಾಲಿಗೆ ವೇದಿಕೆಗಿಂತ ಪಾಕಶಾಲೆಯ ಉಸ್ತುವಾರಿಯೇ ಹೆಚ್ಚಾಗಿ ಬಂದಿದೆ. ಆ ಉಸ್ತುವಾರಿಯಲ್ಲಿ ನಾವು ಎಸಗಿದ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಗೋಳಿಬಜೆ, ಪೋಡಿ ಕರಿದು ಉಳಿದ ಎಣ್ಣೆಯನ್ನೂ ಬಾಣಲೆ ತೊಳೆದ ನೀರನ್ನೂ ಸಭಾಭವನದ ಹಿಂದಿನ ಚರಂಡಿಗೆ ಸುರಿಸುವುದು ನಮ್ಮ ರೂಢಿಯಾಗಿತ್ತು. ಮೇಲೆ ನಾಲ್ಕು ಕೊಡ ಬಿಸಿನೀರು ಹೊಯ್ಯಿಸಿ, ಎಲ್ಲವೂ ಸ್ವಚ್ಛವಾಯಿತೆಂದು ತೃಪ್ತರಾಗುತ್ತಿದ್ದೆವು. ಒಂದು ವರ್ಷ ಸಮ್ಮೇಳನ ಮುಗಿದ ವಾರದೊಳಗೆ ಚರಂಡಿ ಕಟ್ಟಿಕೊಂಡು, ಕೊಳಕು ನೀರು ನೆರೆಮನೆಯ ಅಂಗಳಕ್ಕೆ ನುಗ್ಗಿತು. ಅದನ್ನು ಬಿಡಿಸಲು ಬಂದವನು ನಮ್ಮ ಶಾಲೆಯಲ್ಲೇ ಓದಿದ ಹುಡುಗ. ಕೈಗವಸು ಕೊಡಬೇಕೆಂದು ನಮಗಾರಿಗೂ ತೋಚಲಿಲ್ಲ. ಬರಿಗೈಯಿಂದ ಬಿಳಿಯ ಗಟ್ಟಿ ಮುದ್ದೆಗಳನ್ನು ಎತ್ತಿ ಹಾಕುತ್ತ, “ಇದು ನಮ್ಮ ಸಮ್ಮೇಳನದ್ದೇ ಅಲ್ವ ಮಾಷ್ಟ್ರೆ?” ಎಂದ. ಆ ಮಾತಿನಲ್ಲಿ ದೂರಿರಲಿಲ್ಲ; ನಮ್ಮಲ್ಲಿ ಉತ್ತರವೂ ಇರಲಿಲ್ಲ.

ನಾವು ಓದಿದ್ದು ಬಿ.ಎ.; ರಸಾಯನಶಾಸ್ತ್ರ ನಮ್ಮ ವಿಷಯವಲ್ಲ. ಮಂಗಳೂರಿನಲ್ಲಿ ಹೋಟೆಲು ನಡೆಸುತ್ತಿರುವ ಇನ್ನೊಬ್ಬ ಶಿಷ್ಯನೇ ಈ ವಿಷಯದಲ್ಲಿ ನಮಗೆ ಗುರುವಾದ. ಬಿಸಿನೀರು ಜಿಡ್ಡನ್ನು ಕರಗಿಸಿ ಮುಂದಕ್ಕೆ ದೂಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ತಣಿದ ಜಿಡ್ಡು ಸಿಮೆಂಟಿನ ಸುಣ್ಣದಂಶದೊಡನೆ ಕೂಡಿ ಸಾಬೂನಿನಂತೆ ಗಟ್ಟಿಯಾಗುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯಡಿ ಇಂತಹ ಮುದ್ದೆಯೊಂದು ಸುಮಾರು 250 ಮೀಟರ್ ಉದ್ದಕ್ಕೆ, 130 ಟನ್ ತೂಕಕ್ಕೆ ಬೆಳೆದು ನಿಂತಿತ್ತು.

ಶಿಷ್ಯನ ಹೋಟೆಲಿನಲ್ಲಿ ಪಾತ್ರೆ ತೊಳೆದ ನೀರು ಮೊದಲು ‘ಗ್ರೀಸ್ ಟ್ರ್ಯಾಪ್’ ಎಂಬ ತೊಟ್ಟಿಯನ್ನು ಸೇರುತ್ತದೆ. ಅಲ್ಲಿ ವೇಗ ತಗ್ಗಿದಾಗ ಹಗುರಾದ ಜಿಡ್ಡು ಮೇಲೆ ತೇಲುತ್ತದೆ, ಅನ್ನದ ಅಗುಳು ತಳ ಹಿಡಿಯುತ್ತದೆ, ನಡುವಿನ ನೀರು ಮಾತ್ರ ಹೊರಹೋಗುತ್ತದೆ. ಜಿಡ್ಡು ಮತ್ತು ಗಸಿ ತೊಟ್ಟಿಯ ಕಾಲುಭಾಗ ತುಂಬುವುದರೊಳಗೆ ತೆಗೆಯಬೇಕು. ತೆಗೆದ ಜಿಡ್ಡನ್ನು ಕಾಯಿಸಿ, ಸೋಸಿ, ನೀರನ್ನು ಬೇರ್ಪಡಿಸುತ್ತಾರೆ. ಅದರಲ್ಲಿ ಆಮ್ಲದಂಶ ಹೆಚ್ಚಿರುವುದರಿಂದ ಮೊದಲು ಅದನ್ನು ತಗ್ಗಿಸಿ, ಅನಂತರ ಮೆಥನಾಲ್ ಬೆರೆಸಿ ಜೈವಿಕ ಡೀಸೆಲ್ ಮಾಡಬಹುದು. ಉಳಿದ ಗಸಿಯಿಂದ ಅಡುಗೆ ಅನಿಲವೂ ದೊರೆಯುತ್ತದೆ.

ಕರಿದುಳಿದ ಎಣ್ಣೆಯದು ಬೇರೆಯೇ ದಾರಿ. ಪದೇ ಪದೇ ಕಾದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇಕಡಾ 25ನ್ನು ಮೀರಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲವೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅದನ್ನು ಸಂಗ್ರಹಿಸಿ ಇಂಧನವಾಗಿಸುವ ‘ರುಕೊ’ ಯೋಜನೆಯನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಅದೇ ವರ್ಷ ಆರಂಭಿಸಿತು. ಹಾಗಾಗಿ ಆ ಎಣ್ಣೆಯನ್ನು ತೊಟ್ಟಿಗೂ ಸುರಿಯಬಾರದು, ಬೇರೆ ಡಬ್ಬಿಯಲ್ಲೇ ಕೂಡಿಡಬೇಕು.

ಮಕ್ಕಳಿಗೆ ಶುಚಿತ್ವದ ಪಾಠವನ್ನು ನಾವು ಎಷ್ಟೋ ಬಾರಿ ಹೇಳಿದ್ದೇವೆ. ನಮ್ಮ ಅಂಗಳದ ಕೊಳೆಯನ್ನು ಇನ್ನೊಬ್ಬನ ಕೈಗೆ ದಾಟಿಸುವುದು ಶುಚಿತ್ವವಲ್ಲವೆಂಬುದನ್ನು ಕಲಿಯಲು ನಿವೃತ್ತರಾಗಬೇಕಾಯಿತು.

ಈ ಸಲವೂ ಪಾಕಶಾಲೆ ನಮ್ಮದೇ. ಬಾಣಲೆಗಳನ್ನು ನೀರಿಗಿಡುವ ಮುನ್ನ ಹಳೆಯ ಪತ್ರಿಕೆಗಳಿಂದ ಒರೆಸಬೇಕೆಂದು ಬಾಣಸಿಗರಿಗೆ ತಿಳಿಸಿದ್ದೇವೆ. ಎಣ್ಣೆಗೆ ಮುಚ್ಚಳವಿರುವ ಎರಡು ಡಬ್ಬಿಗಳು ಬಂದಿವೆ. ಅವನ್ನು ಒಯ್ಯುವ ಹೊಣೆ ಮಂಗಳೂರಿನ ಶಿಷ್ಯನದು. ಚರಂಡಿ ಬಿಡಿಸಿದ ಹುಡುಗನಿಗೂ ಆಮಂತ್ರಣ ಕೊಟ್ಟು, ಈ ಬಾರಿ ಊಟಕ್ಕೆ ಮಾತ್ರ ಬಾ ಎಂದಿದ್ದೇವೆ.