ಅಪ್ಪನ ಸೋಯಾಬೀನು, ನನ್ನ ಕೇಸ್ ಸ್ಟಡಿ

ಬೆಂಗಳೂರಿನಲ್ಲಿ ಎಂಬಿಎ ಮಕ್ಕಳಿಗೆ ಪಾಠ ಹೇಳೋದು ನನ್ನ ಹೊಟ್ಟೆಪಾಡು. ಎಷ್ಟು ವರ್ಷ ಅಂತ ಟೊಯೊಟಾ, ಸ್ಟಾರ್‌ಬಕ್ಸ್ ಕೇಸ್‌ಗಳನ್ನೇ ಓದಿಸೋದು? ನಮ್ಮ ಬೈಲಹೊಂಗಲದ್ದೇ ಒಂದು ಬರೀತೀನಿ ಅಂತ ಕೂತೆ. ವಿಷಯ ಮನೆಯಲ್ಲೇ ಇತ್ತು: ಅಪ್ಪನ ಸೋಯಾಬೀನು.

2024ರ ಸುಗ್ಗಿ. ಬೆಂಬಲ ಬೆಲೆ ಕ್ವಿಂಟಲ್‌ಗೆ 4,892 ರೂಪಾಯಿ. ಅಪ್ಪ 30 ಕ್ವಿಂಟಲ್ ಮಾಲನ್ನು ಅಡತಿ ಅಂಗಡಿಯಲ್ಲಿ 4,100ಕ್ಕೆ ಕೊಟ್ಟು ಬಂದಿದ್ದ. 23,760 ರೂಪಾಯಿ ಲುಕ್ಸಾನು! ಫೋನಿನಲ್ಲೇ ಕೂಗಾಡಿದ್ದೆ. ಆಮೇಲೆ ಎಷ್ಟೋ ದಿನ ನಮ್ಮಿಬ್ಬರ ಮಾತು ಊಟ, ಮಳೆ ಇಷ್ಟಕ್ಕೇ ಮುಗಿಯುತ್ತಿತ್ತು.

ಕೇಸ್ ಹನ್ನೆರಡು ಪುಟ ಆಯ್ತು. ಮುಂದಿನ ತಿಂಗಳುಗಳ ದರದ ಗ್ರಾಫೂ ಇತ್ತು. ಹೆಸರು 'ಅವಸರದ ಮಾರಾಟ'. ಊರಿಗೆ ಹೋದಾಗ ಅಪ್ಪನಿಗೆ ಓದಿ ಹೇಳಿದೆ.

"ಎಲ್ಲಾ ಖರೇ ಐತಿ. ಆದ್ರ ಇದರಾಗ ಅರ್ಧ ಆಮ್ಯಾಗ ಗೊತ್ತಾಗಿದ್ದು. ಅವತ್ತ ನನಗೇನ ಗೊತ್ತಿತ್ತು, ಅದನ್ನ ಬರಿ" ಅಂದ.

ಅವತ್ತು ಗೊತ್ತಿದ್ದದ್ದು ಇಷ್ಟು: ಮಳೆ ಬಿಟ್ಟಿಲ್ಲ, ಕಾಳು ಹಸಿ. ಬೆಂಬಲ ಬೆಲೆಗೆ ತೇವಾಂಶ ಶೇ 12 ದಾಟಬಾರದು; ಒಣಗಿಸೋಕೆ ಬಿಸಿಲಿಲ್ಲ. ಖರೀದಿ ಕೇಂದ್ರಕ್ಕೆ ಕೊಟ್ಟರೂ ದುಡ್ಡು ಖಾತೆಗೆ ಬೀಳೋದು ಯಾವಾಗಂತ ಖಾತ್ರಿಯಿಲ್ಲ. ಹಿಂಗಾರಿ ಕಡಲೆ ಬಿತ್ತೋ ಹದ ಯಾರಿಗೂ ಕಾಯಲ್ಲ. ಬೀಜ, ಗೊಬ್ಬರಕ್ಕೆ ಆ ವಾರವೇ ನಗದು ಬೇಕು.

"ನನಗ ಕೇಳಬೇಕಿತ್ತಲ್ಲಪಾ?"

"ನೀ ಆಗಷ್ಟ ಫ್ಲ್ಯಾಟಿನ ಸಾಲ ಮಾಡಿದ್ದಿ."

ನನ್ನ ಹನ್ನೆರಡು ಪುಟದಲ್ಲಿ ಈ ಮಾತಿಗೆ ಜಾಗವೇ ಇರಲಿಲ್ಲ.

1921ರಲ್ಲಿ ಹಾರ್ವರ್ಡ್ ಬ್ಯುಸಿನೆಸ್ ಸ್ಕೂಲ್ ಬರೆಸಿದ ಮೊದಲ ಕೇಸ್ ಒಂದು ಶೂ ಕಾರ್ಖಾನೆಯದು. ಕೆಲಸಗಾರರು ಹೊತ್ತಿಗೆ ಮುಂಚೆಯೇ ಕೆಲಸ ನಿಲ್ಲಿಸ್ತಾರೆ, ಯಾಕೆ, ಏನು ಮಾಡೋದು? ಒಂದೇ ಪುಟ. ಪಾಠದಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೆನೋ. ನಾನು ಬರೆಯುವಾಗ ಮಾತ್ರ ಶೀರ್ಷಿಕೆಯಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೆ.

'ಅವಸರ' ತೆಗೆದೆ. ಆಮೇಲಿನ ಗ್ರಾಫುಗಳನ್ನು ನನ್ನ ಟಿಪ್ಪಣಿಗೆ ಸೇರಿಸಿದೆ. ಈಗ ಕೇಸ್ ಎರಡು ಪುಟ. ಮಾರ್ಕೆಟ್ ಯಾರ್ಡಿನ ಗೇಟಿನ ಮುಂದೆ, ಮೋಡದ ಕೆಳಗೆ, ಟ್ರ್ಯಾಕ್ಟರ್ ನಿಂತಲ್ಲಿಗೆ ಮುಗಿಯುತ್ತೆ. ಸಾಲದಲ್ಲಿರೋ ಮಗನ ಬಗ್ಗೆ ಒಂದು ವಾಕ್ಯ ಇದೆ.

ಕ್ಲಾಸಿನಲ್ಲಿ ಮೊದಲ ಐದು ನಿಮಿಷ ಎಲ್ಲರೂ ಎಕ್ಸೆಲ್ ತೆಗೆದು "ಮಾರಬಾರದು" ಅಂದರು. ಆಮೇಲೆ ಒಬ್ಬಳು ಕೇಳಿದಳು: "ಸರ್, ಮಗನಿಗೆ ಒಂದು ಫೋನ್ ಮಾಡಬಹುದಲ್ಲ?" ಅಲ್ಲಿಂದ ಅರ್ಧ ಗಂಟೆ ಜಗಳ. ನಾನು ಬೋರ್ಡಿನ ಕಡೆ ತಿರುಗಿ ಬರೀತಾ ನಿಂತೆ.

ಸಂಜೆ ನಾನೇ ಫೋನ್ ಮಾಡಿದೆ. "ಈ ಸಲ ಬಿತ್ತಾಕ ಎಷ್ಟ ಬೇಕಪಾ?"

"ಈಗೇನ ಬ್ಯಾಡ" ಅಂದ. ಸ್ವಲ್ಪ ತಡೆದು, "ಬೇಕಾದ್ರ ಹೇಳ್ತೀನಿ ತಗೋ."